ಅಂಗೈ ಬಸ್ಸಿನ ತುಂತುರಮ್ಮ

ತುಂತುರಮ್ಮನ ಅಜ್ಜ ಹಡಗಿಗೆ ಬಣ್ಣ ಬಳಿದವನು. ಎರಡು ಹಗ್ಗ, ಒಂದು ಹಲಗೆ, ಸೊಂಟಕ್ಕೆ ಕಟ್ಟಿದ ಡಬ್ಬ, ಇಷ್ಟನ್ನೇ ನಂಬಿಕೊಂಡು ಕಬ್ಬಿಣದ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು, ಅಂಗೈಯಗಲದ ಬ್ರಷ್ಷಿನಲ್ಲಿ ಆಳೆತ್ತರದ ಅಕ್ಷರ ಬರೆದವನು. ಒಮ್ಮೆ ಒಂದು ಬದಿಯ ಹಗ್ಗ ಕಿತ್ತು ಹಲಗೆ ಓರೆಯಾಗಿ, ಡಬ್ಬದಲ್ಲಿದ್ದ ಕೆಂಪೆಲ್ಲ ತಲೆಯ ಮೇಲೆ ಸುರಿದುಕೊಂಡನಂತೆ. ಮೇಲಿದ್ದವರು ರಕ್ತವೆಂದು ಬೊಬ್ಬೆ ಹಾಕುತ್ತಿದ್ದರೆ ಇವನು ತಲೆಯಿಂದಲೇ ಬಣ್ಣ ಅದ್ದಿಕೊಂಡು ಉಳಿದಿದ್ದ ಅಕ್ಷರದ ಬಾಲ ಮುಗಿಸುತ್ತಿದ್ದನಂತೆ. ಅಜ್ಜಿಯೇನೂ ಕಡಿಮೆಯವಳಲ್ಲ. ಗಂಡನ ಅಂಗಿ ಒಗೆಯುವಾಗ ಕಲೆಗಳನ್ನು ನೋಡಿಯೇ ಈ ವಾರ ಯಾವ ಹಡಗು ದಡಕ್ಕೆ ಬಂದಿದೆ, ಯಾವುದು ಹೊರಟಿತು ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದಳು.

ಅಪ್ಪ ಬಸ್ಸಿಗೆ ಬಣ್ಣ ಹೊಡೆದವನು. ತಗಡಿನ ಶೆಡ್ಡು, ಎದೆಯುದ್ದದ ಕಂಪ್ರೆಸರ್, ಕೈಯಲ್ಲಿ ಲೋಟ ನೇತಾಡುವ ದೊಡ್ಡ ಸ್ಪ್ರೇ ಗನ್ನು. ಬಸ್ಸಿನ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ಉಸಿರಿನಲ್ಲಿ ಪಟ್ಟಿ ಎಳೆಯುವುದರಲ್ಲಿ ಅವನದು ಎತ್ತಿದ ಕೈ. ಅಮ್ಮ ಬಣ್ಣ ಬೆರೆಸುವವಳು. ಬೆಳಗ್ಗೆ ಸ್ಟಾಪಿನಲ್ಲಿ ಹಾದುಹೋದ ಬಸ್ಸಿನ ಹಸಿರನ್ನು ಕಣ್ಣಲ್ಲೇ ಹೊತ್ತುಕೊಂಡು ಬಂದು, ಮಧ್ಯಾಹ್ನ ಅದನ್ನೇ ಡಬ್ಬಕ್ಕೆ ಇಳಿಸುತ್ತಿದ್ದಳು. ಹಳೆಯ ಬಸ್ಸಿಗೆ ಹೊಸ ಬಾಗಿಲು ಹಾಕಿ ಆ ಬಣ್ಣ ಹೊಡೆದರೆ ಯಾವುದು ಹಳತು, ಯಾವುದು ಹೊಸತು ಎಂದು ಬಸ್ಸಿನ ಮಾಲೀಕನೇ ತಡವರಿಸಬೇಕು.

ಇಂಥವರ ವಂಶದ ತುಂತುರಮ್ಮ ಅಂಗೈಯಲ್ಲಿ ಕೂರುವ ಬಸ್ಸಿಗೆ ಬಣ್ಣ ಹೊಡೆಯುತ್ತಾಳೆ. ಅಜ್ಜನದು ಹಡಗು, ಅಪ್ಪನದು ಬಸ್ಸು, ಇವಳದು ಆಟಿಕೆಯಷ್ಟೇ ಅಲ್ಲವೇ ಎಂದು ಯಾರಾದರೂ ಕೆಣಕಿದರೆ ಅವಳಿಗೆ ಕೋಪ ಬರುವುದಿಲ್ಲ. "ನಮ್ಮದು ಉಣ್ಣೆ ಬಟ್ಟೆಯ ವಂಶ ಕಣ್ರೀ. ತಲೆಮಾರಿಗೊಂದು ಸಲ ಒಗೆದ ಹಾಗೆಲ್ಲ ಮುದುಡ್ಕೋತಾ ಬಂದಿದೆ. ನನ್ನ ಮಗಳೇನಾದ್ರೂ ಬ್ರಷ್ ಹಿಡಿದಿದ್ರೆ ಸಾಸಿವೆ ಕಾಳಿಗೆ ಬಣ್ಣ ಹೊಡೀತಿದ್ಲೋ ಏನೋ!" ಎಂದು ತಾನೇ ಮೊದಲು ನಗುತ್ತಾಳೆ. ಮಗಳು ಬ್ರಷ್ ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿದಳು. "ಅವಳೂ ಬಣ್ಣಾನೇ ನೋಡೋದು, ಕೆಂಪು ಒಂದೇ" ಎಂಬುದು ತಾಯಿಯ ಮಾತು.

ಹನ್ನೊಂದು ವರ್ಷದವಳಿದ್ದಾಗಿನಿಂದ ಅಪ್ಪನ ಗನ್ನು ತೊಳೆಯುವ ಕೆಲಸ ಇವಳ ಪಾಲಿಗೆ ಬಂದಿತ್ತು. ಹೊಡೆಯಲು ಮಾತ್ರ ಅಪ್ಪ ಕೊಡುತ್ತಿರಲಿಲ್ಲ. ಹೆಣ್ಣುಮಗು ಆ ಹೊಗೆ ಕುಡಿಯುವುದು ಬೇಡ ಎನ್ನುತ್ತಿದ್ದ. ತೊಳೆಯುವವಳೂ ಅದೇ ಹೊಗೆಯನ್ನೇ ಕುಡಿಯುತ್ತಾಳೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಅವನು ತೀರಿಕೊಂಡು ಶೆಡ್ಡು ಮುಚ್ಚಿದ ಮೇಲೆ ಅವಳು ಅಂಗಡಿ ಬೋರ್ಡು ಬರೆಯುವವರ ಬಳಿ ಇಪ್ಪತ್ತಾರು ವರ್ಷ ದುಡಿದಳು. ಅಲ್ಲಿಗೇ ಒಂದು ದಿನ ಯಾರೋ ಒಂದು ಏರ್‌ಬ್ರಷ್ ತಂದು, ಇದು ಕೆಟ್ಟಿದೆ, ಗುಜರಿಗೆ ಹಾಕಿಬಿಡಿ ಎಂದು ಮೇಜಿನ ಮೇಲೆ ಬಿಸಾಕಿ ಹೋದರು.

ಪೆನ್ನಿನಷ್ಟುದ್ದದ ಉಕ್ಕಿನ ಸಾಧನ ಅದು. ಬೆನ್ನ ಮೇಲೆ ಗುಬ್ಬಿಗೆ ನೀರಿಡುವಷ್ಟು ಚಿಕ್ಕ ಬಟ್ಟಲು, ಅದರ ಹಿಂದೆ ಒಂದು ಗುಂಡಿ. ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ ಬರುತ್ತದೆ. ಒತ್ತಿ ಹಿಡಿದೇ ಹಿಂದಕ್ಕೆ ಎಳೆದರೆ ಒಳಗಿನ ಉದ್ದ ಸೂಜಿ ಸರಿದು ಬಣ್ಣಕ್ಕೆ ದಾರಿ ಬಿಡುತ್ತದೆ. ಸೂಜಿಯ ತುದಿ ಹೊರಗೆ ಇಣುಕುವ ಜಾಗದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ, ತಿರುಪಿನ ನಾಝಲ್. ಅದಕ್ಕೆ ಅವಳು ಇಟ್ಟ ಹೆಸರು ಮೂತಿ. ಗುಜರಿಗೆ ಹೋಗಬೇಕಿದ್ದ ಆ ಗನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಮೂರು ದಿನ ಕೂತು ಬಿಚ್ಚಿದಳು. ಬಿಚ್ಚಿದ ಒಂದೊಂದು ತುಣುಕನ್ನೂ ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು, ಆ ಚಿತ್ರದ ಮೇಲೇ ಇಟ್ಟಳು. ಎಳ್ಳಿನಷ್ಟಿದ್ದ ಒಂದು ರಬ್ಬರು ಬಳೆ ಕಾಣೆಯಾಯಿತು. ಗುಡಿಸಿದಳು, ಕಸ ಜರಡಿ ಹಿಡಿದಳು, ಚಾಪೆ ಕೊಡವಿದಳು. ಎರಡನೇ ದಿನ ಅದು ಅವಳ ಹಿಮ್ಮಡಿಯ ಬಿರುಕಿನಲ್ಲಿ ಸಿಕ್ಕಿತು. ಒಣಗಿ ಕಲ್ಲಾಗಿದ್ದ ಬಣ್ಣವನ್ನು ಕೆರೆದು, ನೆನೆಸಿ, ಮತ್ತೆ ಕೆರೆದು ನಾಲ್ಕನೇ ದಿನ ಅಂಗಡಿಗೆ ಒಯ್ದು ಗಾಳಿ ಕೊಟ್ಟಾಗ ಮೂತಿಯಿಂದ ಮಂಜಿನಂಥ ತುಂತುರು ಬಂತು. ಬೋರ್ಡಿನ ಅಂಗಡಿಯವರೆಲ್ಲ ಬಾಯಿ ತೆರೆದು ನೋಡಿದರು. ಅವತ್ತಿನಿಂದ ಅವಳು ತುಂತುರಮ್ಮ. ತಂದೆತಾಯಿ ಇಟ್ಟ ಹೆಸರು ಈಗ ವೋಟರ್ ಕಾರ್ಡಿಗೆ ಮಾತ್ರ ಗೊತ್ತು.

ಈಗ ಅವಳಿಗೆ ಅರವತ್ತೇಳು. ಅಡುಗೆಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಕಿಟಕಿಗೆ ಮುಖಮಾಡಿ ಮೇಜು, ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗೆ ಹಳೆಯ ಎಕ್ಸಾಸ್ಟ್ ಫ್ಯಾನು ಕೂರಿಸಿ ಮಾಡಿಕೊಂಡ ಹೊಗೆಗೂಡು, ಕೆಳಗೆ ಕೌದಿ ಹೊದ್ದು ಗುರುಗುಡುವ ಚಿಕ್ಕ ಕಂಪ್ರೆಸರ್. ಆ ಕೌದಿಯನ್ನು ಹೊಲಿದುಕೊಟ್ಟವನು ದರ್ಜಿಯಾಗಿದ್ದ ಗಂಡ. ಈ ರಾಕ್ಷಸನಿಗೆ ಹೊದಿಸದಿದ್ದರೆ ನಾನು ಮನೆಬಿಟ್ಟು ಹೋಗುತ್ತೇನೆ ಎಂದಿದ್ದನಂತೆ. ಅವನು ತೀರಿಕೊಂಡು ಎಂಟು ವರ್ಷವಾಯಿತು. ಕೌದಿ ಇನ್ನೂ ಗಟ್ಟಿಯಾಗಿದೆ.

ಅವಳ ಬಳಿಗೆ ಬರುವವರಲ್ಲಿ ಹೆಚ್ಚಿನವರು ನಿವೃತ್ತ ಚಾಲಕರು. ಇಡೀ ಆಯುಷ್ಯ ಒಂದು ಗಾಡಿಯ ಚಕ್ರ ತಿರುಗಿಸಿದವರು, ಆ ಗಾಡಿ ಗುಜರಿಗೆ ಹೋದ ಮೇಲೆ ಅದರ ಮರಿಯೊಂದು ಕಪಾಟಿನಲ್ಲಿರಲಿ ಎಂದು ಬರುತ್ತಾರೆ. ಪ್ಲಾಸ್ಟಿಕ್ಕಿನ ತುಂಡುಗಳ ಪೆಟ್ಟಿಗೆ ಅವರೇ ತರುತ್ತಾರೆ. ಅಂಟಿಸಿ, ಉಜ್ಜಿ, ಬಣ್ಣ ಹೊಡೆದು ಅದೇ ಗಾಡಿಯಾಗಿಸುವುದು ಇವಳ ಕೆಲಸ. ಬಣ್ಣವನ್ನು ತೆಳು ಮಾಡುವುದಕ್ಕೆ ಅವಳಿಗೆ ಅಳತೆಯ ಲೋಟ ಬೇಡ. ಬಟ್ಟಲಿನ ಗೋಡೆಗೆ ಒಂದು ತೊಟ್ಟು ಹತ್ತಿಸಿ ನೋಡುತ್ತಾಳೆ. ಹಾಲಿನ ಹಾಗೆ ಹಿಂದೆ ತೆಳು ಪರದೆ ಬಿಟ್ಟು ಇಳಿಯಬೇಕು. ಮೊಸರಿನ ಹಾಗೆ ನಿಂತರೆ ಮೂತಿ ಕಟ್ಟುತ್ತದೆ, ನೀರಿನ ಹಾಗೆ ಓಡಿದರೆ ಗಾಡಿಯ ಮೈಮೇಲೆ ಜೇಡನ ಕಾಲಿನಂಥ ಗೆರೆ ಹರಡುತ್ತದೆ. ಶುರುಮಾಡುವಾಗ ಗಾಳಿ ಮೊದಲು, ಬಣ್ಣ ಆಮೇಲೆ. ನಿಲ್ಲಿಸುವಾಗ ಬಣ್ಣ ಮೊದಲು, ಗಾಳಿ ಆಮೇಲೆ. ಸೆಕೆಯ ದಿನ ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಕೂತರೆ ಒದ್ದೆ ಹತ್ತಿಕಡ್ಡಿಯಿಂದ ಒರೆಸಬೇಕು, ಮಗುವಿನ ಮೂಗು ಒರೆಸಿದಷ್ಟೇ ಹಗುರವಾಗಿ. ಆಮೇಲಿನ ತೊಳೆಯುವ ಕೆಲಸವಂತೂ ಹೊಡೆಯುವುದಕ್ಕಿಂತ ದೊಡ್ಡದು. ಹತ್ತು ನಿಮಿಷ ಹೊಡೆದರೆ ಅರ್ಧ ಗಂಟೆ ತೊಳೆಯುತ್ತಾಳೆ. ಗನ್ನು ಇನ್ನೊಬ್ಬರ ಕೈಗೆ ಕೊಟ್ಟವಳೇ ಅಲ್ಲ.

ಈ ಸಲ ಬಂದವನು ಮೂವತ್ತಾರನೇ ನಂಬರಿನ ಬಸ್ಸಿನ ಡ್ರೈವರು. ಅವನ ಜೊತೆ ಇಪ್ಪತ್ತೆರಡು ವರ್ಷ ಜಗಳವಾಡಿದ ಕಂಡಕ್ಟರು ಶನಿವಾರ ನಿವೃತ್ತಿಯಾಗುವವನಿದ್ದ.

"ಬಸ್ಸು ಅವನಿಗೇ ಕೊಡೋದು, ತುಂತುರಮ್ಮ. ಹಾರ ತುರಾಯಿ ಎಲ್ಲ ಬೇರೆಯವ್ರು ತರ್ತಾರೆ. ನಾನು ಅವನ ಕೈಗೆ ಬಸ್ಸೇ ಕೊಟ್ಟು, ತಗೋಪ್ಪಾ, ಇನ್ಮೇಲೆ ಗಂಟೆ ನೀನೇ ಹೊಡ್ಕೋ, ನೀನೇ ಓಡಿಸ್ಕೋ ಅಂತೀನಿ."

"ಬಣ್ಣ ಯಾವುದು?"

"ಕೆಳಗೆ ಹಸಿರು, ನಡುವೆ ಕೆನೆ ಪಟ್ಟಿ, ಮೇಲೆ ಮತ್ತೆ ಹಸಿರು. ಎಡಗಡೆ ಮುಂದಿನ ಚಕ್ರದ ಮೇಲೆ ಒಂದು ತಗ್ಗಿರಬೇಕು."

"ತಗ್ಗು ಯಾಕೆ?"

"ಅದು ನಾನು ಕಂಬಕ್ಕೆ ಕೊಟ್ಟ ಮುತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು. ದಿನಾ ಬೆಳಗ್ಗೆ ಅದನ್ನ ತೋರಿಸಿ ಆಡ್ಕೊಂಡವನು ಅವನು. ತಗ್ಗಿಲ್ದಿದ್ರೆ ಇದು ನಮ್ಮ ಬಸ್ಸೇ ಅಲ್ಲ ಅಂದ್ಬಿಡ್ತಾನೆ!"

ತುಂತುರಮ್ಮ ಒಪ್ಪಿಕೊಂಡಳು. ಶುಕ್ರವಾರ ಸಂಜೆಗೆ ಮುಗಿಸುತ್ತೇನೆ, ಶನಿವಾರ ಬೆಳಗ್ಗೆ ಬಂದು ಒಯ್ಯಿ ಎಂದಳು. ಹೇಳಿದ ದಿನ ತಪ್ಪಿಸಿದವಳಲ್ಲ ಅವಳು.

ಸೋಮವಾರ ಬಸ್ಸಿಗೆಲ್ಲ ಕೆನೆ ಬಣ್ಣ ಹೊಡೆದಳು. ಹೊಡೆದು ಮುಗಿಸುವಷ್ಟರಲ್ಲಿ ಮೂಗು ಕಟ್ಟಿ, ಮೈ ಕೆಂಡವಾಗಿ, ನಿಂತಲ್ಲೇ ತೂರಾಡಿದಳು. ಮಗಳು ಹಣೆ ಮುಟ್ಟಿ ನೋಡಿ ರಟ್ಟೆ ಹಿಡಿದು ಮಲಗಿಸಿದಳು. ಗನ್ನಿನಲ್ಲಿ ಬಣ್ಣ ಹಾಗೇ ಇತ್ತು. ತೊಳೆಯದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಲ್ಲು.

"ನಾನು ತೊಳೀತೀನಿ ಬಿಡಿ, ಅತ್ತೆ," ಎಂದ ಅಳಿಯ.

ಮಗಳೂ ಅಳಿಯನೂ ಇರುವುದು ಅವಳ ಮನೆಯಲ್ಲೇ. ಅಳಿಯನದು ಕನ್ನಡಕದ ಅಂಗಡಿ. ಕಣ್ಣಿಗೆ ಕಾಣದಂಥ ತಿರುಪುಗಳನ್ನು ದಿನವಿಡೀ ಬಿಚ್ಚಿ ಬಿಗಿಮಾಡುವ ಕೈ. ಹೆಚ್ಚು ಮಾತಿನವನಲ್ಲ. ತುಂತುರಮ್ಮ ಹಾಸಿಗೆಯಿಂದಲೇ ಒಂದೊಂದಾಗಿ ಹೇಳಿದಳು: "ಸೂಜಿ ಹಿಂದುಗಡೆಯಿಂದ ಎಳಿ, ಮುಂದುಗಡೆಯಿಂದ ಅಲ್ಲ. ಬಟ್ಟಲಿಗೆ ಥಿನ್ನರ್ ಎರಡು ಸಲ. ಇಡೀ ಗನ್ನು ಅದ್ದಿಬಿಡಬೇಡ, ಒಳಗಿರೋ ರಬ್ಬರು ಊದ್ಕೊಳ್ಳುತ್ತೆ. ಮೂತಿಗೆ ಮಾತ್ರ ಕೈ ಹಚ್ಚಬೇಡ, ಅದು ನನಗಿರ್ಲಿ."

ಮಂಗಳವಾರ ಬೆಳಗ್ಗೆ ಜ್ವರ ಇಳಿದಿತ್ತು. ಎದ್ದವಳೇ ಹಿಂದಿನ ಕೋಣೆಗೆ ಹೋದಳು. ಗನ್ನು ಬಿಳಿ ಬಟ್ಟೆಯ ಮೇಲೆ ಮಿರಿಮಿರಿ ಮಿಂಚುತ್ತ ಮಲಗಿತ್ತು. ತಾನು ತೊಳೆದಾಗಲೂ ಅಷ್ಟು ಹೊಳೆಯುತ್ತಿತ್ತೋ ಇಲ್ಲವೋ! ಆದರೂ ಇನ್ನೊಬ್ಬರು ಮುಟ್ಟಿದ್ದನ್ನು ತಾನೊಮ್ಮೆ ಬಿಚ್ಚಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಕಡ್ಡಿಯಷ್ಟಿರುವ ಸ್ಪ್ಯಾನರಿನಿಂದ ಮೂತಿ ಬಿಚ್ಚಿದಳು, ನೋಡಿದಳು, ಮತ್ತೆ ಕೂರಿಸಿ ಬಿಗಿ ಮಾಡಿದಳು. ಬಸ್ಸಿನ ನಡುವಿನ ಪಟ್ಟಿಗೆ ಟೇಪು ಅಂಟಿಸಿ, ಬಟ್ಟಲಿಗೆ ಹಸಿರು ಸುರಿದು, ಗುಂಡಿ ಒತ್ತಿದಳು.

ಬಟ್ಟಲಿನಲ್ಲಿ ಗುಳುಗುಳು ಗುಳ್ಳೆ ಎದ್ದವು. ಏನಿದು ಎಂದು ಕಣ್ಣರಳಿಸುವಷ್ಟರಲ್ಲಿ ಗನ್ನು ಕೆಮ್ಮಿತು. ಕೆಮ್ಮಿ, ಬಸ್ಸಿನ ಚಾವಣಿಯ ಮೇಲೆ ಪಿಚಕ್ಕನೆ ಉಗುಳಿತು. ಮಂಜಿನ ಹಾಗೆ ಕೂರಬೇಕಾದ ಹಸಿರು ಸಿಡುಬಿನ ಹಾಗೆ ಕೂತಿತ್ತು.

ತುಂತುರಮ್ಮ ಗಾಳಿ ನಿಲ್ಲಿಸಿದಳು. ಮೂತಿಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಕಂಡೂ ಕಾಣದಂತೆ ಒಂದು ಗೆರೆ. ಸೀಳು.

ಅವಳಿಗೆ ಅಳಿಯನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂಬುದು ಅವಳು ಕೊಡುವ ಮರ್ಯಾದೆಯಲ್ಲಿ ಗೊತ್ತಾಗುತ್ತದೆ. ಸುಮ್ಮನಿರುವಾಗ 'ಏನಪ್ಪಾ, ನೀನು'. ಸಿಟ್ಟೇರಿದ ಹಾಗೆ 'ನೀವು'. ಕುದಿಯುವಾಗ 'ತಾವು'. ಅವತ್ತು ಮಧ್ಯಾಹ್ನ ಅವನು ಊಟಕ್ಕೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಬಂದ್ರಾ ಅಳಿಯಂದ್ರೇ? ತಮ್ಮ ಕೈಚಳಕ ನೋಡಿ ಧನ್ಯಳಾದೆ. ತಾವು ತೊಳೆದ ಗನ್ನು ಬಸ್ಸಿನ ಮೇಲೆ ಉಗುಳ್ತಾ ಇದೆ. ಇಪ್ಪತ್ತು ವರ್ಷ ನನ್ನ ಕೈಲಿದ್ದು ಒಂದು ದಿನಾ ಉಗುಳ್ದೇ ಇದ್ದಿದ್ದು, ತಾವು ಒಂದು ಸಲ ಮುಟ್ಟಿದ್ದಕ್ಕೇ ಕಲಿತುಬಿಡ್ತು ನೋಡಿ!"

ಅಳಿಯ ಮೂತಿಯನ್ನು ಇಸಿದುಕೊಂಡು ಕಿಟಕಿಯ ಬಳಿ ಹೋಗಿ ನೋಡಿದ. ಒಂದು ಗಳಿಗೆ ನೋಡಿದ. ತುಟಿ ಪಿಟಿಕ್ಕೆನ್ನದೆ ವಾಪಸು ಕೊಟ್ಟು ಕೈ ತೊಳೆಯಲು ಹೋದ.

"ನೋಡಿದ್ಯಾ? ಮಾತೇ ಇಲ್ಲ," ಎಂದಳು ಮಗಳ ಕಡೆ ತಿರುಗಿ.

"ನೀನು ಉಸಿರು ತಗೊಂಡ್ರೆ ತಾನೇ ಅವ್ರು ಮಾತಾಡೋದು?" ಎಂದಳು ಮಗಳು. "ಇನ್ನೊಂದು ಮೂತಿ ಇದೆಯಲ್ಲ ಅಮ್ಮ, ಮಾತ್ರೆ ಡಬ್ಬಿಲಿ? ಅದನ್ನ ಹಾಕು."

ಇತ್ತು. ಒಂದೇ ಒಂದು. ಅದೂ ಸೀಳಿದರೆ ಹೊಸದು ತರಿಸಲು ಹದಿನೈದು ದಿನ. ಶನಿವಾರಕ್ಕೆ ನಾಲ್ಕೇ ದಿನ.

ಬುಧವಾರವಿಡೀ ತುಂತುರಮ್ಮ ಆ ಒಂದು ಮೂತಿಯನ್ನು ಡಬ್ಬಿಯಿಂದ ತೆಗೆಯಲಿಲ್ಲ. ಒದ್ದೆ ಮರಳುಕಾಗದದಲ್ಲಿ ಬಸ್ಸಿನ ಚಾವಣಿಯ ಸಿಡುಬನ್ನು ಮೆಲ್ಲಗೆ ಉಜ್ಜುತ್ತ ಕೂತಳು. ಉಜ್ಜುತ್ತಿದ್ದ ಹಾಗೆ ಒಂದು ಮಾತು ಅವಳನ್ನು ಒಳಗಿನಿಂದ ಚುಚ್ಚತೊಡಗಿತು. ಮೂತಿಗೆ ಕೈ ಹಚ್ಚಬೇಡ ಎಂದು ತಾನೇ ಹೇಳಿದ್ದಳು. ಅವನು ಹೇಳಿದ ಮಾತು ಮೀರುವವನಲ್ಲ. ಹಾಗಾದರೆ ಸೀಳಿದ್ದು ಹೇಗೆ?

ಗುರುವಾರ ಬೆಳಗ್ಗೆ ಮೂತಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅಳಿಯನ ಅಂಗಡಿಗೆ ಹೊರಟಳು. ಎರಡು ಬೀದಿ ದಾಟಿದರೆ ಮೂಲೆಯಲ್ಲಿ ಅಂಗಡಿ. ಗೋಡೆ ತುಂಬ ಖಾಲಿ ಕನ್ನಡಕಗಳು ಬಂದವರನ್ನೆಲ್ಲ ದಿಟ್ಟಿಸುತ್ತಿದ್ದವು. ಗಿರಾಕಿಗಳು ಇರಲಿಲ್ಲ. ಅಳಿಯ ಎದ್ದು ಸ್ಟೂಲು ಎಳೆದುಕೊಟ್ಟ.

"ನಿನ್ನ ಆ ಕಣ್ಣಿಗೆ ಹಾಕ್ಕೊಳ್ಳೋ ಭೂತಗನ್ನಡಿ ಕೊಡು ಇಲ್ಲಿ."

'ನೀನು' ಎಂದದ್ದು ಕೇಳಿ ಅವನಿಗೆ ಅರ್ಧ ನಿರಾಳವಾಯಿತು. ಭೂತಗನ್ನಡಿ ಕೊಟ್ಟು, ಮೇಜಿನ ದೀಪ ಹಾಕಿದ. ತುಂತುರಮ್ಮ ಮೂತಿಯನ್ನು ಚಿಮುಟದಲ್ಲಿ ಹಿಡಿದು ನೋಡಿದಳು. ಅಕ್ಕಿಕಾಳು ಗಡಿಗೆಯಷ್ಟಾಗಿ ಎದ್ದು ನಿಂತಿತು. ತೊಳೆಯುವಾಗ ಸೂಜಿಯನ್ನು ನುಗ್ಗಿಸಿದ್ದರೆ ತುದಿ ಹೂವಿನ ಹಾಗೆ ಅರಳಬೇಕಿತ್ತು. ತುದಿ ದುಂಡಗೆ, ಹೊಸದಿದ್ದಂತೆಯೇ ಇತ್ತು. ಸೀಳು ಇದ್ದದ್ದು ಬುಡದಲ್ಲಿ, ತಿರುಪು ಶುರುವಾಗುವ ಕತ್ತಿನಲ್ಲಿ. ಅತಿಯಾಗಿ ಬಿಗಿ ಮಾಡಿದಾಗ ಮಾತ್ರ ಅಲ್ಲಿ ಸೀಳುತ್ತದೆ. ಬಿಗಿ ಮಾಡಿದವಳು ಮಂಗಳವಾರ ಬೆಳಗ್ಗೆ ಸ್ಪ್ಯಾನರು ಹಿಡಿದು ಕೂತವಳು.

ಅವಳು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟಳು.

"ನಿನಗೆ ಗೊತ್ತಿತ್ತಾ?"

"ಕಿಟಕಿ ಹತ್ರ ನೋಡಿದಾಗ್ಲೇ ಗೊತ್ತಾಯ್ತು, ಅತ್ತೆ. ದಿನಾ ಇಂಥ ಕತ್ತು ಮುರಿದ ತಿರುಪು ನೋಡ್ತಾನೇ ಇರ್ತೀನಲ್ಲ."

"ಮತ್ತೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"'ತಾವು' ಅಂತಿದ್ರಿ. ಅಷ್ಟೊಂದು ಮರ್ಯಾದೆ ಕೊಡುವಾಗ ಮಧ್ಯೆ ಬಾಯಿ ಹಾಕೋದು ಹೇಗೆ?"

ತುಂತುರಮ್ಮನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಎರಡೂ ಒಟ್ಟಿಗೇ ಬಂದದ್ದರಿಂದ ಸ್ವಲ್ಪ ಹೊತ್ತು ಗೋಡೆಯ ಕನ್ನಡಕಗಳನ್ನು ಎಣಿಸುವವಳ ಹಾಗೆ ಕೂತಳು. ಆಮೇಲೆ ಬಲಗೈಯನ್ನು ಅವನ ಮುಂದೆ ಚಾಚಿದಳು.

"ನೋಡು. ಈ ಮೂರು ಬೆರಳು. ತುದಿ ಜೋಮು ಹಿಡಿದು ನಾಲ್ಕು ತಿಂಗಳಾಯ್ತು. ಅಂಗಿ ಗುಂಡಿ ಹಾಕುವಾಗ ಕಣ್ಣಲ್ಲಿ ನೋಡ್ಕೊಂಡೇ ಹಾಕ್ಬೇಕು. ಬಿಸಿ ಲೋಟ ಹಿಡಿದ್ರೂ ಬಿಸಿ ತಡವಾಗಿ ಗೊತ್ತಾಗುತ್ತೆ. ಮೂತಿ ಬಿಗಿ ಮಾಡುವಾಗ ಇಷ್ಟು ವರ್ಷ ಬೆರಳೇ ಹೇಳ್ತಿತ್ತು, ಸಾಕು ನಿಲ್ಸು ಅಂತ. ಮೊನ್ನೆ ಏನೂ ಹೇಳ್ಲಿಲ್ಲ. ಹೇಳುತ್ತೆ ಹೇಳುತ್ತೆ ಅಂತ ಇನ್ನೊಂದು ಸುತ್ತು ಕೊಟ್ಟೆ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಮಾತ್ರೆ ಕೊಟ್ಟಿದಾರೆ. ಇನ್ನೂ ಹೆಚ್ಚಾಗದ ಹಾಗೆ ನೋಡ್ಕೊಳ್ಳೋಣ, ಹೋಗಿದ್ದು ವಾಪಸ್ ಬರೋದು ಕಷ್ಟ ಅಂದ್ರು. ನಿನ್ನ ಹೆಂಡ್ತಿಗೆ ಹೇಳಿಲ್ಲ. ಹೇಳಿದ್ರೆ ಗನ್ನು ಕಪಾಟಿಗೆ ಹೋಗುತ್ತೆ, ನಾನು ಕುರ್ಚಿಗೆ ಹೋಗ್ತೀನಿ."

ಅಳಿಯ ಮೂತಿಯನ್ನು ಮತ್ತೆ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. "ಬಿಚ್ಚೋದು ಬಿಗಿ ಮಾಡೋದು ನನಗೆ ಬಿಡಿ. ಬಣ್ಣ ನೀವು ಹೊಡೀರಿ. ನನಗೆ ಒಂದು ನಿಮಿಷದ ಕೆಲಸ, ಅತ್ತೆ," ಎಂದ.

ನ್ಯಾಯದ ಮಾತೇ. ಅವಳಿಗೂ ಹಾಗೇ ಅನಿಸಿತು. ಮನೆಗೆ ನಡೆದು ಬರುವಾಗ ಅದನ್ನೇ ಮೆಲುಕು ಹಾಕಿದಳು. ಅವನು ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಜೋಡಿಸಿಡುತ್ತಾನೆ, ಸಂಜೆ ಬಂದು ಬಿಚ್ಚುತ್ತಾನೆ. ನಡುವೆ ಮೂತಿ ಕಟ್ಟಿದರೆ? ಸಂಜೆಯವರೆಗೆ ಕೈಕಟ್ಟಿ ಕೂರಬೇಕು. ಬಣ್ಣ ಬದಲಿಸಬೇಕೆಂದರೆ? ಅವನ ದಾರಿ ಕಾಯಬೇಕು. ಹೊಡೆಯುವುದಷ್ಟೇ ತನ್ನದಾದರೆ ಕೆಲಸದಲ್ಲಿ ತನ್ನದು ಉಳಿಯುವುದು ಕಾಲು ಭಾಗವೂ ಇಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅವಳ ಕೈಗೆ ಬಂದದ್ದು ತೊಳೆಯುವ ಕೆಲಸ. ಅಲ್ಲಿಂದಲೇ ಅವಳು ಈ ಕಸುಬಿನ ಒಳಗೆ ಬಂದದ್ದು. ಆ ಬಾಗಿಲು ಮುಚ್ಚಿದರೆ ಮಿಕ್ಕದ್ದು ಎಷ್ಟು ದಿನ?

ಮನೆಗೆ ಬಂದು ಡಬ್ಬಿಯಿಂದ ಕೊನೆಯ ಮೂತಿಯನ್ನು ಚಿಮುಟದಲ್ಲಿ ತೆಗೆದಳು. ಗನ್ನಿನ ಬಾಯಿಗಿಟ್ಟು ಬೆರಳಲ್ಲೇ ಎರಡು ಸುತ್ತು ತಿರುಗಿಸಿದಳು. ಸ್ಪ್ಯಾನರು ಹಿಡಿದಳು. ಬೆರಳು ಮೂಕ. ಸ್ಪ್ಯಾನರು ಇಟ್ಟುಬಿಟ್ಟಳು. ಎದ್ದು ನೀರು ಕುಡಿದು ಬಂದಳು. ಮತ್ತೆ ಹಿಡಿದಳು. ಮತ್ತೆ ಇಟ್ಟಳು.

ಮಂಗಳವಾರದ ಗುಳುಗುಳು ಕಣ್ಣ ಮುಂದೆ ಬಂದದ್ದು ಆಗ. ಮೂತಿ ಸೀಳಿದರೂ ಬಟ್ಟಲಿನಲ್ಲಿ ಗುಳ್ಳೆ ಬರುತ್ತದೆ, ಸಡಿಲವಿದ್ದರೂ ಬರುತ್ತದೆ. ಗಾಳಿ ಹೊರಗೆ ಹೋಗುವ ಬದಲು ಸಂದಿಯಲ್ಲಿ ನುಸುಳಿ ಬಣ್ಣದೊಳಕ್ಕೆ ಬರುವುದೇ ಅದಕ್ಕೆ ಕಾರಣ. ಇಪ್ಪತ್ತು ವರ್ಷದಿಂದ ಗುಳ್ಳೆ ಕಂಡರೆ ಅವಳು ಬೈಯುತ್ತ ಬಂದಿದ್ದಳು. ಸಡಿಲವಿರುವವರೆಗೆ ಗುಳ್ಳೆ ಬರುತ್ತದೆಂದರೆ, ಸಾಕಷ್ಟು ಬಿಗಿಯಾದ ಗಳಿಗೆಗೆ ಅದು ನಿಲ್ಲಲೇಬೇಕು. ಬೆರಳು ಹೇಳದಿದ್ದದ್ದನ್ನು ನೀರು ಹೇಳಬಾರದೇಕೆ?

ಬಣ್ಣದ ಬದಲು ಬಟ್ಟಲಿಗೆ ಬರೀ ನೀರು ತುಂಬಿದಳು. ಗಾಳಿಯನ್ನು ಕನಿಷ್ಠಕ್ಕೆ ಇಳಿಸಿ ಗುಂಡಿ ಒತ್ತಿದಳು. ನೀರು ಅಕ್ಕಿ ಬೇಯುವ ಹಾಗೆ ಕೊತಕೊತ ಕುದಿಯಿತು. ಗಾಳಿ ನಿಲ್ಲಿಸಿ ಸ್ಪ್ಯಾನರನ್ನು ಕೂದಲೆಳೆಯಷ್ಟು ತಿರುಗಿಸಿದಳು. ಒತ್ತಿದಳು. ಕುದಿ ಕಡಿಮೆಯಾಗಿ ದೊಡ್ಡ ಗುಳ್ಳೆಗಳು ಬಂದವು. ಮತ್ತೆ ಕೂದಲೆಳೆ. ಗುಳ್ಳೆ ಸಣ್ಣವಾದವು. ಮತ್ತೆ. ಒಂದರ ಹಿಂದೊಂದು, ಮೀನಿನ ಬಾಯಿಂದ ಬರುವ ಹಾಗೆ ಬಂದವು. ಉಸಿರು ಬಿಗಿಹಿಡಿದು ಇನ್ನೊಂದು ಕೂದಲೆಳೆ ತಿರುಗಿಸಿದಳು. ಗುಂಡಿ ಒತ್ತಿದಾಗ ಒಂದೇ ಒಂದು ಗುಳ್ಳೆ ಎದ್ದು, ಬಟ್ಟಲಿನ ಅಂಚಿಗೆ ಹೋಗಿ ಒಡೆಯಿತು. ಇನ್ನೊಂದು ಬರಲಿಲ್ಲ. ನೀರು ಕನ್ನಡಿಯ ಹಾಗೆ ನಿಂತಿತು. ಸೂಜಿ ಹಿಂದಕ್ಕೆಳೆದರೆ ಮೂತಿಯಿಂದ ಹದವಾದ ತುಂತುರು ಬಂತು. ಮೂತಿಗೂ ಗನ್ನಿನ ಮೈಗೂ ಸೇರಿ ಒಂದು ಸಣ್ಣ ಕೆಂಪು ಗೆರೆ ಎಳೆದಳು. ಮುಂದಿನ ಸಲ ಎರಡು ತುಂಡಿನ ಗೆರೆ ಕೂಡುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ, ಉಳಿದದ್ದನ್ನು ನೀರಿಗೆ ಕೇಳಿದರಾಯಿತು.

ಹಿಂದೆ ಅರ್ಧ ನಿಮಿಷ ಹಿಡಿಯುತ್ತಿದ್ದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿದಿತ್ತು. ತುಂತುರಮ್ಮ ಬೆವರು ಒರೆಸಿಕೊಂಡು, ಗಳಿಗೆ ಹೊತ್ತು ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತಳು. ಎದುರು ಮನೆಯವರು ಬಟ್ಟೆ ಒಣಹಾಕುತ್ತಿದ್ದರು.

ಶುಕ್ರವಾರ ಹಸಿರು ಹೊಡೆದಳು. ಮೂರು ತೆಳು ಪದರ, ಪದರದ ನಡುವೆ ಒಣಗಲು ಬಿಡುವು. ಉಜ್ಜಿ ನಯವಾಗಿಸಿದ್ದ ಚಾವಣಿಯ ಮೇಲೆ ಹಸಿರು ಹಬೆಯ ಹಾಗೆ ಕೂತಿತು. ಗುಂಡಿ ಒತ್ತುವುದಕ್ಕೂ ಎಳೆಯುವುದಕ್ಕೂ ತುದಿಯ ಜೋಮು ಅಡ್ಡಬರಲಿಲ್ಲ. ಅದು ಬೆರಳಿನ ಗೆಣ್ಣಿನ ಕೆಲಸ, ಗೆಣ್ಣು ಇನ್ನೂ ಗಟ್ಟಿಯಾಗಿತ್ತು. ಟೇಪು ಸುಲಿದಾಗ ನಡುವಿನ ಕೆನೆ ಪಟ್ಟಿ ನೂಲು ಹಿಡಿದಂತೆ ನೆಟ್ಟಗೆ ಹೊರಬಂತು. ಎಡಗಡೆ ಚಕ್ರದ ಮೇಲೆ ಕಾಯಿಸಿದ ಚಮಚದ ಹಿಡಿಯಿಂದ ತಗ್ಗು ಒತ್ತಿ, ಅದರ ಅಂಚಿಗೆ ತುಕ್ಕಿನ ಕಂದು ಒಂದೇ ಒಂದು ಉಸಿರಿನಷ್ಟು ಹಾಯಿಸಿದಳು.

ಶನಿವಾರ ಬೆಳಗ್ಗೆ ಡ್ರೈವರು ಇಸ್ತ್ರಿ ಅಂಗಿ ತೊಟ್ಟು ಬಂದ. ಬಸ್ಸನ್ನು ಎರಡು ಕೈಯಲ್ಲೂ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ತಗ್ಗು ಕಂಡದ್ದೇ ಕಣ್ಣು ಕಿರಿದಾಯಿತು.

"ಥೂ, ಇಷ್ಟು ದೊಡ್ಡದಿರ್ಲಿಲ್ಲ, ತುಂತುರಮ್ಮ."

"ಕಂಡಕ್ಟರನ್ನ ಕೇಳಿದ್ರೆ ಇನ್ನೂ ದೊಡ್ಡದಿತ್ತು ಅಂತಾರೆ."

"ಅಂತಾನೆ, ಅಂತಾನೆ." ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಬಸ್ಸಿನ ಹಿಂಬಾಗಿಲ ಬಳಿ ಬೆರಳಿಟ್ಟ. "ಅವನು ನಿಲ್ತಿದ್ದದ್ದು ಇಲ್ಲಿ. ಸೋಮವಾರದಿಂದ ಇಲ್ಲಿ ಬೇರೆ ಯಾರೋ ನಿಲ್ತಾರೆ." ಬಸ್ಸನ್ನು ಹತ್ತಿಯಲ್ಲಿ ಸುತ್ತಿ, ಮಗು ಎತ್ತಿಕೊಂಡವನ ಹಾಗೆ ಎದೆಗಾನಿಸಿಕೊಂಡು ಹೋದ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ತುಂತುರಮ್ಮ ಮಗಳನ್ನು ಕೂರಿಸಿಕೊಂಡು ಬೆರಳಿನ ವಿಷಯ ಹೇಳಿದಳು. ಸೀಳಿದ್ದು ತಾನು, ಬೈಸಿಕೊಂಡದ್ದು ಅಳಿಯ ಎಂಬುದನ್ನೂ ಬಿಡಲಿಲ್ಲ. ಮಗಳ ಕಣ್ಣಲ್ಲಿ ನೀರು ತುಂಬಿತು. ನಾಲ್ಕು ತಿಂಗಳು ಮುಚ್ಚಿಟ್ಟಿದ್ದಕ್ಕೆ ಮೊದಲು ಬೈದಳು. ಆಮೇಲೆ ತಾಯಿಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ಒತ್ತಿ, ಗೊತ್ತಾಗುತ್ತಾ, ಇಲ್ಲಿ ಗೊತ್ತಾಗುತ್ತಾ ಎಂದು ಕೇಳಿದಳು. ಕೊನೆಗೆ ಗಂಡನ ಕಡೆ ನೋಡಿದಳು.

"ಇನ್ಮೇಲೆ ಗನ್ನು ಇವ್ರು ತೊಳೀತಾರೆ, ಇವ್ರೇ ಜೋಡಿಸ್ತಾರೆ. ನೀನು ಬಣ್ಣ ಹೊಡಿ ಸಾಕು. ಅಷ್ಟಾದ್ರೂ ಕೇಳಮ್ಮ."

ಅಳಿಯ ಆಗಲೇ ಎದ್ದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಮೇಜಿನ ಮೇಲೆ, ಶುಕ್ರವಾರ ಥಿನ್ನರ್ ಹಾಯಿಸಿ ಬಣ್ಣ ಕಳೆದಿಟ್ಟಿದ್ದ ಗನ್ನು ಬಿಚ್ಚಿ ತೊಳೆಯುವುದಕ್ಕೆ ಕಾದಿತ್ತು. "ಕೊಡಿ ಅತ್ತೆ," ಎಂದು ಕೈ ಚಾಚಿದ.

ತುಂತುರಮ್ಮ ಅವನನ್ನು ದಾಟಿಕೊಂಡು ಹೋಗಿ ಕುರ್ಚಿಯಲ್ಲಿ ಕೂತಳು. ಕನ್ನಡಕ ಏರಿಸಿದಳು. ಸ್ಪ್ಯಾನರನ್ನು ಕಣ್ಣಿಂದ ಹುಡುಕಿ, ಕಣ್ಣಲ್ಲೇ ನೋಡಿಕೊಂಡು ಹಿಡಿದಳು.

"ಬೇಡ ಕಣಪ್ಪ. ನಿನ್ನ ಕೈ ಚೆನ್ನಾಗಿದೆ, ನನ್ನದಕ್ಕಿಂತ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಮುಕ್ಕಾಲು ಗಂಟೆ ಹಿಡಿದ್ರೆ ಹಿಡೀಲಿ, ನನಗೇನು ಬಸ್ಸು ತಪ್ಪಿಹೋಗುತ್ತಾ? ನೀವಿಬ್ರೂ ಹೋಗಿ ಸ್ವಲ್ಪ ಮಲಗಿ, ಶನಿವಾರ. ನನಗೆ ಆಗದ ದಿನ ನಾನೇ ಕೂಗ್ತೀನಿ, ಬೀದಿಗೆಲ್ಲ ಕೇಳಿಸೋ ಹಾಗೆ ಕೂಗ್ತೀನಿ. ಅಲ್ಲೀವರೆಗೂ ಇದನ್ನ ಯಾರೂ ಮುಟ್ಟಬೇಡಿ."